ಅಂಬಿಗಿತ್ತಿಗೆ ಗೊತ್ತಿಲ್ಲದ ಸುದ್ದಿ

ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮನೆ ರಾಯಚೂರಿನಲ್ಲಿ, ಅವ್ವನ ಜೊತೆ. ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುವ ಬಸ್ಸಿನ ಹೊತ್ತನ್ನು ಏನು ಮಾಡಬೇಕೆಂದು ತಿಳಿಯದೆ ಎಷ್ಟೋ ವರ್ಷ ಕಳೆದಿದ್ದೆ. ಕಿಟಕಿಯಾಚೆ ಭತ್ತದ ಗದ್ದೆ, ಹತ್ತಿ ಹೊಲ, ಮತ್ತೆ ಭತ್ತದ ಗದ್ದೆ. ಪಕ್ಕದಲ್ಲಿ ಬಂದು ಕೂತವರು ಮೊದಲು ಊರು ಕೇಳುತ್ತಾರೆ, ಆಮೇಲೆ ಮದುವೆ. ಆಗಿಲ್ಲ ಎಂದರೆ ನನ್ನ ಮುಖವನ್ನು ಇನ್ನೊಮ್ಮೆ ನೋಡಿ ಸುಮ್ಮನಾಗುತ್ತಾರೆ. ಅದಕ್ಕೇ ಬಸ್ಸು ಹತ್ತಿದ ಕೂಡಲೇ ಫೋನು ತೆಗೆದು ಕೂರುವುದು ರೂಢಿಯಾಯಿತು.

ಫೋನಿನ ಮೆಸೇಜುಗಳಲ್ಲೇ ಕಥೆ ಆಡುವ ಒಂದು ಗುಂಪಿಗೆ ನನ್ನನ್ನು ಸೇರಿಸಿದವಳು ಬಿ.ಎಡ್.ನಲ್ಲಿ ಜೊತೆಗಿದ್ದ ಗೆಳತಿ. ಅವಳು ಕೆಲವೇ ದಿನಗಳಲ್ಲಿ ಬೇಸತ್ತು ಹೊರಗೆ ಹೋದಳು, ನಾನು ಉಳಿದೆ. ಆಟ ಇಷ್ಟೇ: ನದಿಯ ದಂಡೆಯ ಮೇಲೊಂದು ಕೋಟೆ ಊರು, ಅಲ್ಲಿಗೆ ಯುದ್ಧ ಬರುವುದರಲ್ಲಿದೆ. ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರ. ನಮ್ಮ ಪಾತ್ರ ಏನು ಹೇಳಿತು, ಏನು ಮಾಡಿತು ಎಂಬುದನ್ನಷ್ಟೇ ನಾವು ಬರೆಯಬೇಕು. ಅದಕ್ಕೆ ಉತ್ತರವನ್ನು ಇನ್ನೊಬ್ಬರು ಅವರ ಪಾತ್ರದ ಬಾಯಿಂದ ಬರೆಯುತ್ತಾರೆ. ಹಾಗೆ ಕಥೆ ಬೆಳೆಯುತ್ತದೆ. ಮಂತ್ರಿಯ ಪಾತ್ರ ಮಾಡುವವರು ಬಳ್ಳಾರಿ ಕಡೆಯವರು, ಕೋಟೆಯ ದಾದಿ ಕಲಬುರಗಿಯವಳು. ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ಹೆಸರು ಹೇಳಬಾರದೆಂಬುದು ಮೊದಲಿಂದ ಇದ್ದ ಮಾತು. ನಾನು ಅಂಬಿಗಿತ್ತಿಯಾದೆ. ನದಿ ದಾಟಿಸುವವಳು, ಒಂಟಿ, ಬಾಯಿ ಸ್ವಲ್ಪ ಜೋರು.

ನಾವು ನಾವಾಗಿ ಮಾತಾಡಬೇಕಾದರೆ ಕಂಸದೊಳಗೆ ಬರೆಯಬೇಕಿತ್ತು. ಕಂಸ ಇಲ್ಲದೆ ಬರೆದದ್ದೆಲ್ಲ ಪಾತ್ರದ ಮಾತು. ಬೈದರೆ ಬೈದದ್ದು ಮಂತ್ರಿ, ಬಳ್ಳಾರಿಯವರಲ್ಲ. ಅತ್ತರೆ ಅತ್ತದ್ದು ಅಂಬಿಗಿತ್ತಿ.

ಇದು ಹೇಳಿದಷ್ಟು ಸುಲಭವಲ್ಲ. ನಾನು ಸೇರಿದ ಹೊಸದರಲ್ಲೇ ಮಂತ್ರಿ ತನ್ನ ಬಂಟನಿಗೆ ಗುಟ್ಟಾಗಿ ಹೇಳಿದ: ಶತ್ರುಗಳು ದಾಟಿ ಬರದ ಹಾಗೆ ಅಂಬಿಗಿತ್ತಿಯ ದೋಣಿ ಸುಟ್ಟುಹಾಕು. ಅದನ್ನು ಬಸ್ಸಿನಲ್ಲಿ ಓದಿದವಳೇ ನಾನು ಅಂಬಿಗಿತ್ತಿಯ ಕೈಯಲ್ಲಿ ದೋಣಿಯನ್ನು ಎಳೆಸಿ ಜೊಂಡಿನೊಳಗೆ ಬಚ್ಚಿಡಿಸಿಬಿಟ್ಟೆ. ಮರುಕ್ಷಣವೇ ಕಂಸದಲ್ಲಿ ಒಂದು ಮಾತು ಬಂತು. ಓಲೆಕಾರನ ಪಾತ್ರ ಮಾಡುವವರದು. ರಾಜನ ಸುದ್ದಿಗಳನ್ನು ಊರಿಂದೂರಿಗೆ ಒಯ್ಯುವವನು ಓಲೆಕಾರ.

(ಮೇಡಂ, ತಪ್ಪು ತಿಳೀಬ್ಯಾಡ್ರಿ. ಮಂತ್ರಿ ಮಾತು ನೀವು ಓದೀರಿ. ಆಕಿ ಕೇಳಿಲ್ಲಲ್ರಿ. ನಿಮಗ ಗೊತ್ತಿದ್ದದ್ದು ಆಕಿಗೆ ಗೊತ್ತಿರಬಾರದು. ದೋಣಿ ಸುಡಾಕ ಬಿಡ್ರಿ.)

(ಕಣ್ಣ ಮುಂದ ಸುಡೋದು ನೋಡಿಕೋತ ಕೂಡ್ಲೇನು?) ಎಂದು ಬರೆದೆ.

(ಆಕಿ ನೋಡ್ಲಿ. ನೀವು ಬರೀರಿ.)

ಬರೆದದ್ದನ್ನು ಅಳಿಸಿದೆ. ದೋಣಿಯನ್ನು ದಂಡೆಯಲ್ಲೇ ಬಿಟ್ಟು ಅಂಬಿಗಿತ್ತಿ ಸಂತೆಗೆ ಹೋದಳು, ಬರುವಷ್ಟರಲ್ಲಿ ಇದ್ದಿಲು ಉಳಿದಿತ್ತು. ಅವಳು ನೆಲಕ್ಕೆ ಕುಸಿದುದನ್ನು ಬರೆಯುವಾಗ ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದ ಸೀಟಿನ ಹೆಂಗಸು, "ಯಾಕವ್ವ, ಮನ್ಯಾಗ ಎಲ್ಲಾ ಆರಾಮ ಅದಾರಿಲ್ಲ?" ಎಂದು ಕೇಳಿದಳು. ಆರಾಮ ಅದಾರ ಎಂದೆ. ಕಥೆಯಲ್ಲಿ ಮೊದಲು ಬಂದು ಅಂಬಿಗಿತ್ತಿಯ ಪಕ್ಕ ಕೂತವನು ಓಲೆಕಾರ. ಅವನು ಸಮಾಧಾನದ ಮಾತೇನೂ ಹೇಳಲಿಲ್ಲ. ಮರುದಿನ ಕುದುರೆಯ ಹಿಂದೆ ಒಂದು ದೊಡ್ಡ ಮರದ ದಿಮ್ಮಿ ಎಳೆದುಕೊಂಡು ಬಂದ.

ಹೊಸ ದೋಣಿ ಮುಗಿಯುವುದರೊಳಗೆ ಅವರಿಬ್ಬರೂ ಒಬ್ಬರಿಗೊಬ್ಬರು ಬೇಕಾದವರಾಗಿದ್ದರು. ಅವರಿಬ್ಬರು ಎಂದರೆ ಅಂಬಿಗಿತ್ತಿ ಮತ್ತು ಓಲೆಕಾರ. ನಾವಿಬ್ಬರು ಕಂಸದೊಳಗೆ ಬಹಳ ಮರ್ಯಾದೆಯಿಂದ ಇದ್ದೆವು. (ಊಟ ಆತೇನ್ರಿ?) (ಊರು ಬಂತು, ಇಳೀತೀನ್ರಿ.) (ನಾಳಿ ಸಾಲಿ ಸೂಟಿ ಅದ, ಬರ್ದ ಹಾಕ್ತೀನಿ.) ಅವರು ದೇವದುರ್ಗದವರು, ಬಸ್ ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ ಎಂಬುದು ಹೀಗೇ ಮಾತಿನ ನಡುವೆ ತಿಳಿಯಿತು. ಹುಡುಗನಾಗಿದ್ದಾಗ ತಂದೆತಾಯಿಯ ಜೊತೆ ಕಟ್ಟಡದ ಕೆಲಸಕ್ಕೆ ಊರೂರು ತಿರುಗಿದವರಂತೆ. ಸಾಲಿ ಕಲಿಯೋದು ಪೂರಾ ಮಾಡಾಕ ನಾಕು ಊರು ಬದಲು ಮಾಡೀನ್ರಿ, ಅದಕ್ಕ ಓಲೆಕಾರ ಆಗೀನಿ, ಎಂದು ಒಮ್ಮೆ ಬರೆದು ನಗುವ ಗುರುತು ಹಾಕಿದ್ದರು.

ಮಂಗಳವಾರ ಮತ್ತು ಶುಕ್ರವಾರ ಅವರಿಗೆ ಬಿಡುವು ಹೆಚ್ಚು ಇರುತ್ತಿತ್ತು. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಡದೆ ಬರೆಯುತ್ತಿದ್ದರು. ಆ ದಿನಗಳಲ್ಲಿ ಮಾತ್ರ ಕಾಗುಣಿತದ ತಪ್ಪು ರಾಶಿ. ಕನ್ನಡದ ಟೀಚರಲ್ಲವೇ, ನಾನು ಸುಮ್ಮನಿರಲಿಲ್ಲ.

(ಇವತ್ತೇನ್ರಿ, ಒತ್ತಕ್ಷರ ಎಲ್ಲಾ ಮಾಯ ಆಗ್ಯಾವ?)

(ಒಂದ ಕೈಲೆ ಬರ್ಯಾಕತ್ತೀನ್ರಿ ಮೇಡಂ. ಇನ್ನೊಂದು ಕೈಗೆ ಬ್ಯಾರೆ ಕೆಲಸ ಅದ.)

ಅಂಗಡಿಯಲ್ಲಿ ಗಿರಾಕಿ ಇರಬೇಕು, ಯಂತ್ರಕ್ಕೆ ಹಾಳೆ ಹಾಕುತ್ತಿರಬೇಕು ಎಂದುಕೊಂಡೆ.

ಒಂದು ಸಲ ಅವರೇ, ಕೆಲಸದ ಮೇಲೆ ಆಗಾಗ ರಾಯಚೂರಿಗೆ ಬರ್ತೀನಿ ಎಂದರು. ಆ ಮಾತು ಓದಿ ನನಗೆ ಆದ ಸಂತೋಷ ಅಂಬಿಗಿತ್ತಿಯದೋ ನನ್ನದೋ ಎಂದು ಯೋಚಿಸುತ್ತ ಕೂತೆ. ಕಥೆಯ ಓಲೆಕಾರ ಅಂಬಿಗಿತ್ತಿಯ ಜಡೆಯಿಂದ ಜೊಂಡಿನ ಎಸಳು ತೆಗೆದದ್ದನ್ನು ಬರೆದವರು ಅವರೇ. ಆದರೆ ತೆಗೆದವರು ಅವರಲ್ಲ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ: (ಬಂದಾಗ ಸಿಗ್ರಿ. ಬಸ್ ಸ್ಟ್ಯಾಂಡಿನ್ಯಾಗ ಒಂದು ಚಾ ಕುಡ್ಯೋಣು.)

ರಾತ್ರಿ ಊಟದ ಹೊತ್ತಿಗೆ ಉತ್ತರ ಬಂತು.

(ಬ್ಯಾಡ್ರಿ. ಓಲೆಕಾರ ಗಟ್ಟಿಮುಟ್ಟಾದ ಮನಷಾ. ನಾನು ಹಂಗಿಲ್ಲ. ನನ್ನ ನೋಡಿದ್ರ ಆಮ್ಯಾಲೆ ಅವನ ಜಾಗದಾಗ ನಾನ ಕಾಣಸ್ತೀನಿ. ಅವ ಆದ್ರೂ ಚೆಂದ ಇರ್ಲಿ.)

ನನಗೆ ಅವಮಾನವಾದಂತಾಯಿತು. ನಯವಾಗಿ ದೂರ ಇಟ್ಟರು ಎಂದುಕೊಂಡೆ. ಮತ್ತೆ ಕೇಳಲಿಲ್ಲ. ಕಥೆಯಲ್ಲಿ ಮಾತ್ರ ಎಂದಿನಂತೆ ಇದ್ದೆವು, ಬಹುಶಃ ಮೊದಲಿಗಿಂತ ಹತ್ತಿರ.

ಮಳೆಗಾಲ ಕಥೆಯಲ್ಲೂ ಬಂತು, ಹೊರಗೂ ಬಂತು. ಓಲೆಕಾರ ನದಿಯಾಚೆಯ ರಾಜ್ಯಕ್ಕೆ ಸಂಧಿಯ ಸುದ್ದಿ ಒಯ್ಯಬೇಕಾಯಿತು. ಅಂಬಿಗಿತ್ತಿಯೇ ಅವನನ್ನು ಆಚೆ ದಡಕ್ಕೆ ಬಿಟ್ಟಳು. ಅವರು ಬರೆದ ಕೊನೆಯ ಸಾಲುಗಳು ಇವು: "ಓಲೆಕಾರ ಕುದುರೆಯನ್ನು ದಡಕ್ಕೆ ಹತ್ತಿಸಿ ತಿರುಗಿ ನೋಡಿದ. ನೀರು ಇಳಿದ ಮೇಲೆ ಬರುತ್ತೇನೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿರು, ಎಂದ." ಅಂಬಿಗಿತ್ತಿ ದೋಣಿಯ ಹುಟ್ಟು ಎತ್ತಿ ತೋರಿಸಿದಳು. ಕೆಳಗೆ ಕಂಸದಲ್ಲಿ, (ಸ್ವಲ್ಪ ದಿನ ಬರ್ಯಾಕ ಆಗಂಗಿಲ್ರಿ. ಅದಕ್ಕ ಅವನ್ನ ಆ ಕಡಿ ಕಳಿಸೀನಿ) ಎಂದು ಇತ್ತು. ಆಯ್ತ್ರಿ, ಆರಾಮ ಬರ್ರಿ, ಎಂದೆ.

ಆಮೇಲೆ ಒಂದು ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ, ಅವರ ನಂಬರಿನಿಂದ ಗುಂಪಿಗೆ ಮೆಸೇಜು ಬಂತು.

"ನಮ್ಮಣ್ಣ ಇವತ್ತು ಮುಂಜಾನೆ ತೀರಿಕೊಂಡ. ಇದಕ್ಕ ಮೆಸೇಜ್ ಮಾಡಬ್ಯಾಡ್ರಿ."

ಕಂಸ ಇರಲಿಲ್ಲ.

ಕಂಸ ಇಲ್ಲದ್ದರಿಂದ ಮಂತ್ರಿಯ ಪಾತ್ರದವರು ಅದನ್ನು ಕಥೆ ಎಂದೇ ತಿಳಿದರು. ಹೊಸದೊಂದು ಪಾತ್ರ ಬಂತೆಂದು ಹುರುಪಿನಿಂದ ಬರೆದರು: "ಯಾರಲ್ಲಿ! ಅಪಶಕುನದ ಸುದ್ದಿ ತಂದವರನ್ನು ಸಭೆಗೆ ಕರೆತನ್ನಿ." ಅವರ ಹಿಂದೆಯೇ ದಾದಿ ಕೈ ತಟ್ಟುವ ಗುರುತು ಹಾಕಿದಳು.

ನಾನು ಮಾತ್ರ ಬುತ್ತಿ ಮುಚ್ಚಿಟ್ಟೆ. ಆ ಸಾಲಿನಲ್ಲಿ ಕಥೆಯ ಭಾಷೆ ಇರಲಿಲ್ಲ. ಅದು ಮನೆಯ ಮಾತು. ವರಾಂಡಕ್ಕೆ ಬಂದು ಆ ನಂಬರಿಗೆ ಫೋನು ಮಾಡಿದೆ. ಅಷ್ಟು ದಿನಗಳಲ್ಲಿ ಒಮ್ಮೆಯೂ ಮಾಡಿರಲಿಲ್ಲ. ಎತ್ತಿದ ಹೆಂಗಸಿನ ಹಿಂದೆ ಅಳುವ ದನಿಗಳು ಕೇಳುತ್ತಿದ್ದವು.

"ಯಾರ್ರಿ?" ಎಂದಳು.

"ನಾನು... ಗುಂಪಿನಾಕಿರಿ. ಅವರ ಜೋಡಿ ಬರೀತಿದ್ದೆ."

"ಏನು ಮಂದಿ ಅದೀರಿ ನೀವು? ಸತ್ತಾನ ಅಂತ ಹೇಳಿದ್ರ ಚಪ್ಪಾಳಿ ಹೊಡೀತೀರಲ್ಲ!" ಎಂದವಳೇ ಫೋನು ಇಟ್ಟಳು.

ನಾನು ಗುಂಪಿಗೆ ಹೋಗಿ ಕಂಸ ತೆರೆದೆ. (ಇದು ಕಥಿ ಅಲ್ಲ) ಎಂದಷ್ಟೇ ಬರೆಯಲಾಯಿತು.

ಮಧ್ಯಾಹ್ನ ಎಂಟನೇ ತರಗತಿಗೆ ಸಂಧಿಗಳನ್ನು ಹೇಳಿಕೊಟ್ಟೆ. ಯಾರಿಗೂ ಏನೂ ಹೇಳಲಿಲ್ಲ. ಏನೆಂದು ಹೇಳುವುದು? ರಜೆ ಕೇಳಿದರೆ ಹೆಡ್‌ಮಾಸ್ಟರು, ಯಾರು ತೀರಿಕೊಂಡರು ಎಂದು ಕೇಳುತ್ತಾರೆ. ಅಣ್ಣನಲ್ಲ, ಬಂಧುವಲ್ಲ, ಮುಖ ನೋಡಿದವರೂ ಅಲ್ಲ.

ಗುಂಪಿನಲ್ಲಿ ಎಲ್ಲರೂ ದುಃಖಪಟ್ಟರು. ಮಂತ್ರಿಯ ಪಾತ್ರದವರು ಕಂಸದೊಳಗೆ ಮತ್ತೆ ಮತ್ತೆ ಕ್ಷಮೆ ಕೇಳಿದರು. ಕೆಲವು ದಿನ ಕಳೆದ ಮೇಲೆ, ಓಲೆಕಾರನನ್ನು ಏನು ಮಾಡೋಣ ಎಂಬ ಮಾತು ಬಂತು. ಬೇರೆ ಯಾರಾದರೂ ಆ ಪಾತ್ರ ಮುಂದುವರಿಸಲಿ ಎಂದರು ಒಬ್ಬರು. ನಾನು ಬೇಡವೆಂದೆ. ಹಾಗಾದರೆ ಯುದ್ಧದಲ್ಲಿ ಸತ್ತನೆಂದು ಬರೆಯೋಣ ಎಂದರು ಇನ್ನೊಬ್ಬರು. ಅದಕ್ಕೂ ಬೇಡವೆಂದೆ. ದಾದಿ ಮೆಲ್ಲಗೆ ಕೇಳಿದಳು, (ಅಕ್ಕಾ, ಅಂಬಿಗಿತ್ತಿ ಈಗ ಎಲ್ಲಿದ್ದಾಳೆ?)

ಅಂಬಿಗಿತ್ತಿ ದಂಡೆಯಲ್ಲಿದ್ದಳು. ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅವಳಿಗೆ ಗೊತ್ತಿರಬಾರದು. ಬೆಳಿಗ್ಗೆ ಬಸ್ಸಿನಲ್ಲಿ ಕೂತು ಅವಳ ಒಂದೊಂದು ದಿನ ಬರೆಯುತ್ತಿದ್ದೆ: ನೀರು ಒಂದು ಮೆಟ್ಟಿಲು ಇಳಿಯಿತು, ದೋಣಿಯ ತಳಕ್ಕೆ ಎಣ್ಣೆ ಸವರಿದಳು, ಆಚೆ ದಡದಲ್ಲಿ ಧೂಳೆದ್ದದ್ದು ಕಂಡು ಎದ್ದು ನಿಂತಳು, ದನದ ಹಿಂಡು ಎಂದು ತಿಳಿದು ಮತ್ತೆ ಕೂತಳು. ಅವಳು ಸಂತೋಷವಾಗಿದ್ದಳು. ಅವಳ ಆ ಸಂತೋಷದೊಳಗೆ ಹೊಕ್ಕು ಕೂತರೆ ಮಾನ್ವಿ ಬರುವವರೆಗೆ ನನಗೂ ಉಸಿರಾಡಲು ಆಗುತ್ತಿತ್ತು. ಬಸ್ಸಿಳಿದ ಮೇಲೆ ಅವರು ಸತ್ತದ್ದು ಪ್ರತಿದಿನ ಹೊಸದಾಗಿ ತಿಳಿಯುತ್ತಿತ್ತು.

ಒಂದು ಭಾನುವಾರ ದೇವದುರ್ಗದ ಬಸ್ಸು ಹತ್ತಿದೆ. ಅವ್ವನಿಗೆ, ಜೊತೆಯ ಟೀಚರೊಬ್ಬರ ಮನೆಗೆ ಎಂದು ಹೇಳಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಝೆರಾಕ್ಸ್ ಅಂಗಡಿ ಎಂದು ಕೇಳಿದರೆ, "ತೀರಿಕೊಂಡ್ನಲ್ರಿ ಆ ಹುಡುಗ" ಎಂದು ಚಹಾದ ಅಂಗಡಿಯವನು ಮನೆಯ ದಾರಿ ತೋರಿಸಿದ.

ತಗಡು ಹೊದಿಸಿದ ಎರಡು ಕೋಣೆಯ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ಹೊಸ ಪಟ, ಹಾರ. ನಾನು ಅವರ ಮುಖ ನೋಡಿದ್ದು ಹಾಗೆ. ತೆಳ್ಳಗೆ, ಕೆನ್ನೆ ಒಳಗೆ ಹೋದ ಮುಖ. ಕಣ್ಣಿನಲ್ಲಿ ಮಾತ್ರ ಏನೋ ತಮಾಷೆ. ಓಲೆಕಾರನಿಗೂ ಆ ಮುಖಕ್ಕೂ ಸಂಬಂಧವೇ ಇರಲಿಲ್ಲ. ನಾನು ಇಷ್ಟು ದಿನ ಯಾರಿಗಾಗಿ ಅತ್ತಿದ್ದೆ? ಈ ಮನುಷ್ಯನಿಗಾಗಿ ಅಳುವುದು ಅಲ್ಲಿಂದ ಶುರುವಾಯಿತು.

ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ತಾಯಿ, "ಬರ್ರಿ, ಒಳಗ ಬರ್ರಿ" ಎಂದರು. "ಯಾರವ್ವ ನೀನು? ನಿನಗೇನಾಗಬೇಕು ಅವ?"

ಅವರ ಜೋಡಿ ಬರೀತಿದ್ದೆರಿ, ಎಂದಷ್ಟೇ ಹೇಳಿದೆ. ಅಂದು ಫೋನು ಎತ್ತಿದ್ದ ತಂಗಿ ಒಳಗಿನಿಂದ ಬಂದಳು. ನನ್ನ ದನಿ ಗುರುತು ಹಿಡಿದಳು.

"ಫೋನಿನ ಮಂದಿ, ಯವ್ವಾ," ಎಂದಳು ಒಣಗಿದ ದನಿಯಲ್ಲಿ. "ದವಾಖಾನಿಯೊಳಗೂ ಇವರ ಜೋಡಿನ ಇರ್ತಿದ್ದ."

"ದವಾಖಾನಿ?" ಎಂದೆ.

ಅವಳು ನನ್ನನ್ನೇ ನೋಡಿದಳು. "ನಿಮಗ ಹೇಳಿದ್ದಿಲ್ಲೇನು? ಕಿಡ್ನಿ ಎರಡೂ ಹೋಗಿದ್ವು. ಮಂಗಳವಾರ, ಶುಕ್ರವಾರ ರಾಯಚೂರಿಗೆ ಡಯಾಲಿಸಿಸ್ಸಿಗೆ ಕರಕೊಂಡು ಹೋಗ್ತಿದ್ದೆ. ಎಡಗೈಗೆ ಸೂಜಿ ಹಾಕಿರ್ತಿದ್ರು, ಅಳ್ಳಾಡಿಸಂಗಿದ್ದಿಲ್ಲ. ಬಲಗೈಯಾಗ ಫೋನು. ಏನು ಬರೀತಿಯೋ ಅಂದ್ರ ನಗತಿದ್ದ."

ಆ ದವಾಖಾನೆ ನಮ್ಮ ಮನೆಯಿಂದ ಹೆಚ್ಚು ದೂರವಿರಲಿಲ್ಲ. ಪ್ರತಿ ಸಂಜೆ ನನ್ನ ಬಸ್ಸು ಅದರ ಎದುರಿನಿಂದಲೇ ಬರುತ್ತದೆ. ದೇವದುರ್ಗದ ಅಂಗಡಿಯಲ್ಲಿ ಕೂತಿದ್ದಾರೆ ಎಂದು ನಾನು ಒತ್ತಕ್ಷರ ತಿದ್ದುತ್ತಿದ್ದಾಗ ಅವರು ಆ ಗೋಡೆಯ ಹಿಂದೆ ಮಲಗಿ, ಒಂದೇ ಕೈಯಲ್ಲಿ, ಓಲೆಕಾರನನ್ನು ಕುದುರೆಯ ಮೇಲೆ ನಾಗಾಲೋಟದಲ್ಲಿ ಓಡಿಸುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಓಲೆಕಾರನಿಗೆ ಗೊತ್ತಿರಲಿಲ್ಲ. ಒಂದು ದಿನವೂ ಅವನಿಗೆ ಆಯಾಸ ಆದದ್ದಿಲ್ಲ, ಒಂದು ದಿನವೂ ಅವನು ನೀರು ಕುಡಿಯಲು ಹೆದರಿದ್ದಿಲ್ಲ. ಹೊಳೆಗೆ ಬಾಯಿಟ್ಟು ಬೊಗಸೆಗಟ್ಟಲೆ ಕುಡಿಯುತ್ತಿದ್ದ. "ಅಣ್ಣನಿಗೆ ದಿನಾ ಅಳತಿ ನೀರು. ನೀರು ನೀರು ಅಂತಿದ್ದ," ಎಂದು ತಂಗಿ ಹೇಳಿದಾಗ ನಾನು ಪಟದ ಕೆಳಗೆ ಕೂತು ಫೋನು ತೆಗೆದೆ.

ತಾಯಿ ನನ್ನ ಪಕ್ಕ ಬಂದು ಕೂತರು. "ಅವ ಏನು ಬರೀತಿದ್ದ, ಓದವ್ವ. ನನಗ ಓದಾಕ ಬರಂಗಿಲ್ಲ."

ನಾನು ಓದಿದೆ. ದೋಣಿ ಸುಟ್ಟದ್ದು, ದಿಮ್ಮಿ ತಂದದ್ದು, ಓಲೆಕಾರ ಸಂತೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಕಣ್ಣಲ್ಲಿ ನೀರು ತಂದುಕೊಂಡದ್ದು. ಅಲ್ಲಿ ತಾಯಿ ನಕ್ಕರು. "ನನ್ನ ಮಗನ ಅವ," ಎಂದರು. ಜಡೆಯ ಜೊಂಡು ತೆಗೆದ ಸಾಲು ಬಂದಾಗ ನಾನು ತಡವರಿಸಿದೆ, ಆದರೂ ಓದಿದೆ. ಅವರು ನನ್ನ ಜಡೆಯನ್ನೊಮ್ಮೆ ನೋಡಿದರು. ಕೊನೆಗೆ ನದಿ ದಾಟಿದ್ದನ್ನು ಓದಿ ನಿಲ್ಲಿಸಿದೆ.

"ಆಮ್ಯಾಲೆ?"

"ಅಷ್ಟೇರಿ. ಆಮ್ಯಾಲೆ ಬರ್ದಿಲ್ಲ."

"ಅಂದ್ರ ಕಥಿಯೊಳಗ ಅವ ಇನ್ನಾ ಅದಾನೇನು?"

"ಅದಾನ್ರಿ."

"ಅಲ್ಲೇ ಇರ್ಲಿ ಬಿಡವ್ವ," ಎಂದರು ತಾಯಿ. "ಅಲ್ಲಿ ಅವನಿಗೇನೂ ಬ್ಯಾನಿ ಇಲ್ಲಲ್ಲ."

ತಂಗಿ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದಳು. "ಮತ್ತ ಆ ಹೆಣ್ಮಗಳು? ಆಕಿ ಸಾಯೋತನಕ ದಂಡಿ ಮ್ಯಾಲೆ ಕುಂದ್ರಬೇಕೇನು? ಆಕಿಗೆ ಯಾರಾರ ಹೇಳಬೇಕಲ್ಲ ಯವ್ವಾ!" ಹಾಗೆಂದು ಅವಳು ಜೋರಾಗಿ ಅತ್ತಳು. ಅಣ್ಣ ಸತ್ತಾಗ ಅವಳು ಅತ್ತಿರಲಿಲ್ಲವಂತೆ, ತಾಯಿ ಆಮೇಲೆ ಹೇಳಿದರು. ಎಲ್ಲರಿಗೂ ಫೋನು ಮಾಡಿ ಸುದ್ದಿ ಮುಟ್ಟಿಸುವುದೇ ಅವಳ ಪಾಲಿಗೆ ಬಂದಿತ್ತು.

ಚಹಾ ಕುಡಿದು ಹೊರಟಾಗ ಅವಳು ಬಸ್ ಸ್ಟ್ಯಾಂಡಿನವರೆಗೂ ಬಂದಳು. "ಅಕ್ಕಾ, ಆಕಿಗೆ ನಾನ ಹೇಳ್ಲೇನು?" ಎಂದು ಕೇಳಿದಳು. ನನಗೆ ಕೂಡಲೇ ಅರ್ಥವಾಗಲಿಲ್ಲ. "ಅದ ಗುಂಪಿನ್ಯಾಗ. ಅಣ್ಣನ ಫೋನ್ ನನ್ನ ಕಡೇನ ಅದ."

ಬೇಡ ಎನ್ನಬೇಕೆಂದುಕೊಂಡೆ. ಅವಳ ಮುಖ ನೋಡಿ, ಹೇಳು ಎಂದೆ.

ಅವಳ ಮೆಸೇಜು ಬಂದದ್ದು ಆ ವಾರದ ಮಧ್ಯೆ, ಮಾನ್ವಿಯಿಂದ ಮನೆಗೆ ಬರುವ ಬಸ್ಸಿನಲ್ಲಿ. ಗುಂಪಿನವರಿಗೆ ನಾನು ಮೊದಲೇ ತಿಳಿಸಿದ್ದೆ, ಯಾರೂ ನಡುವೆ ಬಾಯಿ ಹಾಕಲಿಲ್ಲ. ಅವಳಿಗೆ ಕಥೆಯ ಭಾಷೆ ಬರುತ್ತಿರಲಿಲ್ಲ, ತನ್ನ ಮಾತಿನಲ್ಲೇ ಬರೆದಳು.

"ದೋಣಿಯಾಕಿ, ನಾನು ಆ ದಂಡಿಯಿಂದ ಬಂದೀನಿ. ನಾನು ಓಲೆಕಾರನ ತಂಗಿ."

"ನೀರು ಇಳಿದಿಲ್ಲ, ಹೇಗೆ ಬಂದೆ?" ಎಂದು ಅಂಬಿಗಿತ್ತಿ ಕೇಳಿದಳು. ಅವಳಿಗೆ ಗೊತ್ತಿರಲಿಲ್ಲ. ಇನ್ನೂ ಒಂದು ಸಾಲು ಗೊತ್ತಿಲ್ಲದವಳಾಗಿಯೇ ಅವಳನ್ನು ಇಟ್ಟೆ. "ಅವನೆಲ್ಲಿ? ಕುದುರೆ ಕುಂಟಿತೇನು?"

ಬರೆಯುತ್ತಿದ್ದಾಳೆ ಎಂಬ ಗುರುತು ಕಾಣುತ್ತಿತ್ತು, ಮಾಯವಾಗುತ್ತಿತ್ತು, ಮತ್ತೆ ಕಾಣುತ್ತಿತ್ತು.

"ಅವ ಬರಂಗಿಲ್ಲವ್ವಾ. ಮುಂಜಾನಿ ಏಳಲಿಲ್ಲ. ನಾನ ಎಬ್ಬಸಾಕ ಹೋಗಿದ್ದೆ. ಕೈ ತಣ್ಣಗಾಗಿತ್ತು. ನೀನು ಕಾಯಬ್ಯಾಡ."

ಇದಕ್ಕೆ ಅಂಬಿಗಿತ್ತಿ ಏನಾದರೂ ಹೇಳಬೇಕಿತ್ತು. ಅವಳು ಹುಟ್ಟು ಕೈಬಿಟ್ಟಳೆಂದು ಬರೆಯಲು ಹೋದೆ. ಅವಳು ಎಂದು ಬರೆಯಬೇಕಾದಲ್ಲಿ ನನ್ನ ಬೆರಳು ನಾನು ಎಂದು ಬರೆದಿತ್ತು. ಅಳಿಸಿ ಮತ್ತೆ ಬರೆದೆ, ಮತ್ತೆ ನಾನು ಎಂದೇ ಬಂತು. ಕೊನೆಗೆ ತಿದ್ದಲಿಲ್ಲ. "ನಾನು ನೀರಿನೊಳಗೆ ಕೂತೆ. ಅವನ ತಂಗಿಯೂ ಬಂದು ನನ್ನ ಪಕ್ಕ ಕೂತಳು" ಎಂದು ಕಳಿಸಿದೆ. ಬಸ್ಸು ಆ ದವಾಖಾನೆಯ ಎದುರು ಸಿಗ್ನಲ್ಲಿಗೆ ನಿಂತಿತ್ತು. ನಾನು ಆ ಕಡೆ ನೋಡಲಿಲ್ಲ.

ಆಮೇಲೆ ಗುಂಪು ಹೆಚ್ಚು ದಿನ ನಡೆಯಲಿಲ್ಲ. ಯುದ್ಧ ಕೊನೆಗೂ ಬರಲೇ ಇಲ್ಲ. ನಾನು ಬರೆಯುವುದನ್ನು ಬಿಟ್ಟೆ. ಬಸ್ಸಿನಲ್ಲಿ ಈಗ ಸುಮ್ಮನೆ ಕೂರುತ್ತೇನೆ. ತಂಗಿ ಆಗಾಗ ಫೋನು ಮಾಡುತ್ತಾಳೆ, ಅಕ್ಕಾ ಎನ್ನುತ್ತಾಳೆ.

ಅಂಬಿಗಿತ್ತಿಗೆ ಸುದ್ದಿ ಮುಟ್ಟಿದ ಆ ಸಂಜೆ ನಾನು ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ನನ್ನ ಮುಖ ನೋಡಿ ಕೈ ನಿಲ್ಲಿಸಿದಳು.

"ಯಾರು ಹೋದ್ರವ್ವ?"

ಅಷ್ಟು ದಿನ ಎಲ್ಲರಿಗೂ ಆರಾಮ ಅದೀನಿ ಎಂದವಳಿಗೆ ಆ ಪ್ರಶ್ನೆಗೆ ಸುಳ್ಳು ಹೇಳಲಾಗಲಿಲ್ಲ. "ನನ್ನವರೊಬ್ಬರು, ಯವ್ವಾ," ಎಂದೆ.

ಯಾರು, ಎಲ್ಲಿಯವರು, ಯಾವಾಗಿನಿಂದ, ಯಾವ ಮಂದಿ, ಒಂದನ್ನೂ ಅವಳು ಕೇಳಲಿಲ್ಲ. ಎದ್ದು ಒಳಗೆ ಹೋಗಿ ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸಿದಳು. ಸಾವಿನ ಮನೆಯಿಂದ ಬಂದವರನ್ನು ಕೂಡಿಸುವ ಹಾಗೆ ನನ್ನನ್ನು ಬಚ್ಚಲಿನಲ್ಲಿ ಕೂಡಿಸಿದಳು. ಜಡೆಯನ್ನು ತಾನೇ ಬಿಚ್ಚಿದಳು. ತಲೆಯ ಮೇಲೆ ಬಿಸಿನೀರು ಸುರಿಯುತ್ತ, "ಅಳು," ಎಂದಳು, "ಅತ್ತುಬಿಡು ನನ ಕೂಸ."